ಬೇವಿನ ಬುಡದ ಬಿಲ್ಲೆಗಳು

ಕಂಪ್ಲಿ
14 ಜೂನ್ 2023

ಚಿರಂಜೀವಿ ದೇವಿಕಾಳಿಗೆ,

ಹಿಂದೆ ‘ಚಿ. ಸೌ.’ ಎಂದು ಬರೆಯುತ್ತಿದ್ದೆ. ಈಗ ಮೊದಲನೆಯದನ್ನು ಬರೆದು ಪೆನ್ನು ಕೊಂಚ ನಿಲ್ಲುತ್ತದೆ. ಪೆನ್ನಿನ ತಪ್ಪು, ಮಾಫ್ ಮಾಡು.

ನಾವಿಲ್ಲಿ ಬಿಸಿಲಿಗೆ ಬೆಂದು, ಮೊದಲ ಮಳೆಗೆ ನೆಂದು, ಸದ್ಯಕ್ಕೆ ಮನುಷ್ಯರ ಆಕಾರದಲ್ಲೇ ಇದ್ದೇವೆ. ಫೋನು ಬೇಡ, ಕಾಗದ ಬರೆ ಎಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಕ್ಕಿ ಗಿರಣಿಯನ್ನು ಮುರುಗೇಶನಿಗೆ ಒಪ್ಪಿಸಿದೆ. ಅದರ ಸದ್ದನ್ನು ಮಾತ್ರ ನನ್ನ ಕಿವಿ ತನ್ನಲ್ಲೇ ಇಟ್ಟುಕೊಂಡಿದೆ. ಹಿರಿಯ ಮಗನಿಗೆ ಯಂತ್ರ, ಅಪ್ಪನಿಗೆ ಗದ್ದಲ. ನ್ಯಾಯವಾದ ಪಾಲು.

ಈಗ ಇಲಾಖೆಯ ವರದಿ. ಬುಕ್ಕಸಾಗರದ ನಮ್ಮ ಹೊಲದಲ್ಲಿ ನೀನು ಡೆಹ್ರಾಡೂನಿಗೆ ಹೊರಡುವ ಮುನ್ನ ಹೂತಿಟ್ಟ ಕಲ್ಲಿನ ಬಿಲ್ಲೆಗಳ ಮೂರು ಚೀಲಗಳೂ ಸುರಕ್ಷಿತ. ಭತ್ತದ ಗದ್ದೆಯಲ್ಲಿ ಒಂದು, ಕಾಲುವೆ ದಂಡೆಯಲ್ಲಿ ಒಂದು, ಬೇವಿನ ಬುಡದಲ್ಲಿ ಒಂದು. ಕಲ್ಲಿನ ಕಾವಲುಗಾರನಾಗಿ ನನ್ನನ್ನು ನೇಮಿಸಿದ್ದೀಯ. ಸಂಬಳವಿಲ್ಲ, ರಜೆಯಿಲ್ಲ, ಸಮವಸ್ತ್ರವಾದರೂ ಕಳಿಸು.

ಮೊನ್ನೆ ಪಕ್ಕದ ಹೊಲದ ಹನುಮೇಶ್ ಬದುವಿನ ಮೇಲೆ ನಿಂತು ಕೇಳಿದ.

“ಏನ್ರೀ ಸಾವ್ಕಾರ್ರ, ಕಲ್ಲು ಬಿತ್ತೀರಂತ?”

“ಹೌದಪ. ವರ್ಷ ಬಿಟ್ಟು ಕಿತ್ತು ತೂಕ ಮಾಡತೀವಿ.”

“ಬೆಳೀತಾವೇನು?”

“ಇಲ್ಲ, ಕರಗತಾವ. ಎಷ್ಟು ಕರಗ್ಯಾವಂತ ನಮ್ಮ ಸೊಸಿ ಲೆಕ್ಕ ಹಾಕತಾಳ.”

ಅವನು ನನ್ನನ್ನು ಬಹಳ ಪ್ರೀತಿಯಿಂದ ನೋಡಿದ. ಆಮೇಲೆ ಎತ್ತಿಗೆ ಹೇಳುವವನ ಹಾಗೆ ಮೆಲ್ಲಗೆ ಏನೋ ಗೊಣಗಿದ. ಅವನ ಆಳು ನನಗೆ ಕೂಗಿ ತಿಳಿಸಿದ ಪ್ರಕಾರ ಆ ಮಾತು ಇದು: “ಮಗ ಹೋದ ಮ್ಯಾಲೆ ಮನುಷ್ಯಾಗ ಏನೇನೋ ಆಕ್ಕೈತಿ.”

ನಾನು ನಕ್ಕೆ. ಮನೆಗೆ ಬಂದು ಇದನ್ನು ನಿನ್ನ ಅತ್ತೆಗೆ ಹೇಳಿದೆ. ಅವಳು ನಗಲಿಲ್ಲ.

ಇತಿ ನಿನ್ನ ಮಾವ,
ಕೊಟ್ರಬಸಪ್ಪ


ಡೆಹ್ರಾಡೂನ್
9 ಜುಲೈ 2023

ಮಾವನವರಿಗೆ ದೇವಿಕಾಳ ಶರಣು.

ಸಮವಸ್ತ್ರಕ್ಕೆ ಮಂಜೂರಾತಿ ಸಿಕ್ಕಿಲ್ಲ. ಛತ್ರಿಯನ್ನು ಸರ್ಕಾರಿ ಛತ್ರಿಯೆಂದು ಭಾವಿಸಿ ಹಿಡಿಯಿರಿ.

ಹನುಮೇಶ್ ಅವರಿಗೆ ಹೀಗೆ ಹೇಳಿ. ಮಳೆನೀರು ಬಲು ತೆಳ್ಳಗಿನ ಗೋಲಿ ಸೋಡಾ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಇಳಿಯುತ್ತದೆ. ಮಣ್ಣಿನಲ್ಲಿ ಬೇರುಗಳ ಉಸಿರೂ ಸೇರಿ ಇನ್ನಷ್ಟು ಹುಳಿಯಾಗುತ್ತದೆ. ಆ ಹುಳಿಗೆ ಕಲ್ಲು ಕರಗುತ್ತದೆ. ಕರಗುವಾಗ ಆ ಇಂಗಾಲವನ್ನು ತನ್ನ ಜೊತೆ ಕಟ್ಟಿಕೊಂಡು ನೀರಿಗಿಳಿದು, ತುಂಗಭದ್ರೆಯಲ್ಲಿ ಹರಿದು, ಸಮುದ್ರ ಸೇರಿ, ಕಪ್ಪೆಚಿಪ್ಪಾಗಿ, ಕಡೆಗೆ ಸುಣ್ಣದ ಕಲ್ಲಾಗಿ ತಳದಲ್ಲಿ ಕೂರುತ್ತದೆ. ಭೂಮಿ ತನ್ನ ಗಾಳಿಯನ್ನು ತೊಳೆದುಕೊಳ್ಳುವ ಬಗೆಯೇ ಇದು. ಹಂಪಿಯ ಬಂಡೆಗಳು ಈ ಕೆಲಸದಲ್ಲಿ ಬಹಳ ಸೋಮಾರಿಗಳು. ಸಂಡೂರಿನ ಹಸಿರುಗಲ್ಲು ಅವಕ್ಕಿಂತ ಚುರುಕು. ಅದನ್ನು ಪುಡಿ ಮಾಡಿ ಹೊಲಗಳಿಗೆ ಹರಡಿದರೆ ಗಾಳಿ ಎಷ್ಟು ಹಗುರಾದೀತು ಎಂಬುದು ನಮ್ಮ ಪ್ರಶ್ನೆ.

ಅದಕ್ಕೇ ನಾನು ಮಾಡೆಲ್ ಕಟ್ಟುತ್ತಿರುವುದು. ಬಿಸಿಲೆಷ್ಟು, ಮಳೆಯೆಷ್ಟು, ಮಣ್ಣೆಂಥದು ಎಂದು ಕೊಟ್ಟರೆ ಕಂಪ್ಯೂಟರು ಕಲ್ಲು ಸವೆಯುವ ವೇಗ ಹೇಳುತ್ತದೆ. ಆದರೆ ಅದು ಬುಕ್ಕಸಾಗರವನ್ನು ನೋಡಿಲ್ಲ. ಅದು ಹೇಳಿದ್ದು ನಿಜವೋ ಸುಳ್ಳೋ ಎಂಬುದನ್ನು ಆ ಮೂರು ಚೀಲಗಳಲ್ಲಿರುವ ಬಿಲ್ಲೆಗಳೇ ಹೇಳಬೇಕು. ನನ್ನ ಪಿಎಚ್.ಡಿ. ನಿಂತಿರುವುದು ಅವುಗಳ ಮೇಲೆ.

ಮತ್ತೆ ಅವು ಎರಡನೆಯ ಸಲ ಸಿಗುವ ವಸ್ತುಗಳಲ್ಲ. ಹಂಪೇಶ ತನ್ನ ಗಣಿ ಕೆಲಸದ ರಜೆಯ ದಿನಗಳಲ್ಲಿ ಹೊಸಪೇಟೆಯ ಕಲ್ಲು ಕೊಯ್ಯುವ ಅಂಗಡಿಯಲ್ಲಿ ಕೂತು ತಾನೇ ಕೊಯ್ದು, ನಯ ಮಾಡಿ, ಒಂದೊಂದರ ಮೇಲೂ ತನ್ನ ಕೈಯಿಂದ ಅಂಕಿ ಕೊರೆದು ಕೊಟ್ಟದ್ದು. “ನಿನ್ನ ಮಾಡೆಲ್ಲಿಗೆ ನನ್ನ ವರದಕ್ಷಿಣಿ” ಎಂದಿದ್ದ. ಆ ವರ್ಷವೇ ಅವನಿಗೆ ಡೆಂಗಿ ಬಂತು.

ಅರ್ಧ ಬಿಲ್ಲೆಗಳನ್ನು ಜನವರಿಯಲ್ಲಿ ತೆಗೆದು ಕಳಿಸಿ. ಉಳಿದರ್ಧ ಇನ್ನೊಂದು ವರ್ಷ ಇರಲಿ. ಅಲ್ಲಿಯತನಕ ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಅತ್ತೆ ಊಟ ಸರಿಯಾಗಿ ಮಾಡುತ್ತಾರೆಯೇ? ನೀವು ಬರೆದಿಲ್ಲ.

ದೇವಿಕಾ


ಕಂಪ್ಲಿ
22 ಜನವರಿ 2024

ಚಿರಂಜೀವಿ ದೇವಿಕಾಳಿಗೆ,

ನಿನ್ನ ಕಲ್ಲುಗಳು ಈ ದಿನ ರಿಜಿಸ್ಟರ್ಡ್ ಪಾರ್ಸೆಲ್ಲಿನಲ್ಲಿ ಉತ್ತರಾಭಿಮುಖವಾಗಿ ಪ್ರಯಾಣ ಬೆಳೆಸಿದವು. ಒಳಗೇನಿದೆ ಎಂದು ಪೋಸ್ಟಿನವಳು ಕೇಳಿದಳು. ಕಲ್ಲು ಎಂದೆ. ಬೆಲೆ? ಇಲ್ಲ ಎಂದೆ. ಒಡೆಯುವ ವಸ್ತುವೇ? ಕರಗುವ ವಸ್ತು ಎಂದೆ. ಅವಳು ನನ್ನ ಬೆನ್ನ ಹಿಂದಿದ್ದ ಸಾಲನ್ನು ನೋಡಿ, ಯಾವುದೋ ದೇವರನ್ನು ನೆನೆದು, ಸೀಲು ಹೊಡೆದಳು.

ಗದ್ದೆಯದ್ದನ್ನೂ ಕಾಲುವೆಯದ್ದನ್ನೂ ನಾನೇ ಅಗೆದೆ. ಸೊಂಟ ಹಿಡಿದಿದೆ, ವಿಜ್ಞಾನದ ಖಾತೆಗೆ ಬರೆದುಕೋ. ಬೇವಿನ ಬುಡದ್ದನ್ನು ನಿನ್ನ ಅತ್ತೆ ತಂದುಕೊಟ್ಟಳು. ಹಂಪೇಶನನ್ನು ಮಣ್ಣು ಮಾಡಿದ ಗದ್ದುಗೆ ಇರುವ ಆ ಮೂಲೆಗೆ ನಾನು ಹೋಗುವುದು ಕಡಿಮೆ. ಪಂಪಿನ ಮನೆ ಹತ್ತಿರ ಕೆಲಸ ಬಹಳ ಇರುತ್ತದೆ. ಅವಳು ಮಾತ್ರ ಸೋಮವಾರ ತಪ್ಪಿಸುವುದಿಲ್ಲ. ಬುಟ್ಟಿಯಲ್ಲಿ ವಿಭೂತಿ, ಪತ್ರಿ, ತಂಬಿಗೆ ಇಟ್ಟುಕೊಂಡು ಮೊದಲ ಬಸ್ಸಿಗೆ ಹೋಗುತ್ತಾಳೆ, ಹೊತ್ತೇರಿದ ಮೇಲೆ ಬರುತ್ತಾಳೆ.

ಊಟ ಮಾಡುತ್ತಾಳೆ. ಎಲ್ಲರೂ ಉಂಡರೇ ಎಂದು ನೋಡಿಕೊಳ್ಳುವುದರಲ್ಲಿ ತಾನು ಉಂಡೆನೇ ಎಂಬುದನ್ನು ಮರೆಯುತ್ತಾಳೆ. ಮುರುಗೇಶನ ಹೆಂಡತಿ ಸೌಜನ್ಯ ಈಗ ಆಕೆಯ ತಟ್ಟೆಗೆ ಕಾವಲು. ಈ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕಾವಲಿನ ಕೆಲಸ ಸಿಕ್ಕಿದೆ.

ಇತಿ ನಿನ್ನ ಮಾವ,
ಕೊಟ್ರಬಸಪ್ಪ


ಡೆಹ್ರಾಡೂನ್
18 ಏಪ್ರಿಲ್ 2024

ಮಾವನವರಿಗೆ ಶರಣು.

ನಿಂತುಕೊಂಡು ಓದುತ್ತಿದ್ದರೆ ಕೂತುಕೊಳ್ಳಿ.

ಗದ್ದೆಯ ಬಿಲ್ಲೆಗಳು ನನ್ನ ಮಾಡೆಲ್ ಹೇಳಿದಷ್ಟೇ ಸವೆದಿವೆ. ಕಾಲುವೆಯವೂ ಹಾಗೆಯೇ. ಬೇವಿನ ಬುಡದವು ಅದರ ಐದು ಪಟ್ಟು! ಒಂದೇ ಬಿಲ್ಲೆಯಾಗಿದ್ದರೆ ನನ್ನದೇ ತಪ್ಪೆಂದು ಬಿಟ್ಟುಬಿಡುತ್ತಿದ್ದೆ. ಆದರೆ ಆ ಚೀಲದ ಎಲ್ಲವೂ ಒಂದೇ ಸಮ ಸವೆದಿವೆ. ತಕ್ಕಡಿಯ ಮೇಲೆ ಅನುಮಾನ ಬಂದು ಬೇರೆ ತಕ್ಕಡಿಯಲ್ಲಿ ತೂಗಿದೆ. ಅದೇ ಅಂಕಿ.

ಇದರರ್ಥ ನಿಮಗೆ ಹೊಳೆಯಿತೇ? ಬೇವಿನ ಬೇರು ಏನೋ ಮಾಡುತ್ತಿದೆ. ಕಲ್ಲಿನ ಪುಡಿ ಹರಡಿ ಜೊತೆಗೆ ಮರ ಬೆಳೆಸಿದರೆ ಗಾಳಿ ನಾವೆಣಿಸಿದ್ದಕ್ಕಿಂತ ಬೇಗ ತಿಳಿಯಾದೀತು. ನನ್ನ ಮಾರ್ಗದರ್ಶಕರು ಜೀವಮಾನದಲ್ಲಿ ಮೊದಲ ಸಲ ನನ್ನ ಮೇಜಿನ ಹತ್ತಿರ ತಾವಾಗಿ ಬಂದರು. ಜೂನ್ ಕೊನೆಯ ಸಭೆಯಲ್ಲಿ ಇದನ್ನೇ ಮಂಡಿಸು ಎಂದರು. ಇದು ನಿಜವೆಂದು ನಿಂತರೆ ಇನ್ನೂ ಮೂರು ವರ್ಷ ಬುಕ್ಕಸಾಗರದಲ್ಲೇ ಕೆಲಸ. ವರ್ಷಕ್ಕೆರಡು ಸಲವಾದರೂ ಬಂದು ನಿಮ್ಮ ತಲೆ ತಿನ್ನುತ್ತೇನೆ.

ಇನ್ನೊಂದು ಮಾತು, ವಿಜ್ಞಾನದ್ದಲ್ಲ. ಅವನು ಇರುವ ಕಡೆಯೇ ಕಲ್ಲು ಬೇಗ ಕರಗಿತು ಎಂಬುದು ನನಗೆ ಬಹಳ ಹಿಡಿಸಿತು. ಪ್ರಬಂಧದಲ್ಲಿ ಬರೆಯುವ ಹಾಗಿಲ್ಲ, ನಿಮಗೆ ಬರೆದೆ.

ದೇವಿಕಾ


ಕಂಪ್ಲಿ
6 ಮೇ 2024

ಚಿರಂಜೀವಿ ದೇವಿಕಾಳಿಗೆ,

ಈ ಕಾಗದವನ್ನು ನೀನೂ ಕೂತೇ ಓದು.

ನಿನ್ನ ಪತ್ರ ಬಂದ ದಿನ ನಾನು ಮಂತ್ರಿಯ ಹಾಗೆ ಗಂಟಲು ಸರಿಮಾಡಿಕೊಂಡು ಅಡುಗೆಮನೆಗೆ ಹೋದೆ. ಮುರುಗೇಶ ಊಟಕ್ಕೆ ಕೂತಿದ್ದ. ನಿನ್ನ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ನಾನು ಗಿರಣಿಯಲ್ಲಿ ಮಾತಾಡಿ ರೂಢಿಯಾದವನು, ನನಗೆ ಬೇರೆಯವರೂ ಕೂಗಿಯೇ ಹೇಳಬೇಕು. ಆದ್ದರಿಂದ ನಡೆದ ಮಾತುಕತೆ ಓಣಿಗೆಲ್ಲ ಕೇಳಿದೆ.

“ಕೇಳ್ರೆಪ, ನಮ್ಮ ಹೊಲದಾಗಿನ ಬೇವಿನ ಗಿಡ ಕಲ್ಲು ತಿಂತೈತಂತ! ದೇವಿಕಾ ಕಂಡುಹಿಡದಾಳ!”

“ಗಿಡ ಯಾಕ ಕಲ್ಲು ತಿಂತೈತ್ರಿ?” ಎಂದಳು ನಿನ್ನ ಅತ್ತೆ ಜಂಬಮ್ಮ.

“ಅದು ನಿನಗ ತಿಳಿಯಂಗಿಲ್ಲ. ಬೇರಿನ ಉಸಿರು, ಅದರ ಹುಳಿ…”

“ಬೇರಿನ ಹುಳಿ ಅಲ್ಲ ಬಿಡ್ರಿ. ಹುಣಸಿಹಣ್ಣು.”

ಮುರುಗೇಶನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಏನವ್ವ ಹಂಗಂದ್ರ?”

“ಸೋಮವಾರ ಸೋಮವಾರ ತಗದು, ಹುಣಸಿಹಣ್ಣು ಹಚ್ಚಿ, ನಾರಿಲೆ ತಿಕ್ಕಿ ತೊಳದು, ಮತ್ತ ಹಂಗ ಇಟ್ಟು ಬಂದೀನಿ. ಹಿತ್ತಾಳಿ ತಂಬಿಗಿ ತೊಳದಂಗ. ಭಾಳ ಚಂದ ಹೊಳೀತಿದ್ವು.”

“ಮುಟ್ಟಬ್ಯಾಡ ಅಂತ ಹೇಳಿರಲಿಲ್ಲೇನು ನಾನು?” ಎಂದೆ.

“ಮಂದಿ ಮುಟ್ಟಬಾರದು ಅಂದಿದ್ರಿ. ನಾ ಮಂದಿಯೇನು?”

“ತೊಳಿಯೋದು ಯಾಕ ಬೇಕಾಗಿತ್ತಲೇ?”

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು. “ಮಣ್ಣು ಮೆತ್ತಿದ್ರ ಅವನ ಅಕ್ಷರ ಕಾಣವಲ್ದಾಗಿತ್ತು. ಏಳರ ಅಂಕಿ ಬರದು ನಡುವ ಗೀಟು ಎಳದಾನ ನೋಡ್ರಿ, ಸಣ್ಣಂವ ಇದ್ದಾಗಿಂದ ಹಂಗ.”

ಆಮೇಲೆ ಯಾರೂ ಕೂಗಲಿಲ್ಲ.

ಅವಳನ್ನು ಬೈದೆನೆಂದು ಬರೆದರೆ ನಿನಗೆ ಸಮಾಧಾನವಾದೀತೇನೋ. ಬೈಯಲಿಲ್ಲ. ನಿನ್ನ ಅಂಕಿಗಳಿಗೆ ಆದದ್ದೇನೆಂದು ಅವಳಿಗೆ ನಿಧಾನವಾಗಿ ತಿಳಿಸಿದೆ. ಅವಳು ಹಿಟ್ಟಿನ ಕೈ ತೊಳೆದುಕೊಂಡು ದೇವರ ಜಗಲಿಯ ಮುಂದೆ ಕೂತವಳು ಬಹಳ ಹೊತ್ತು ಏಳಲಿಲ್ಲ.

ಈ ಕಾಗದ ಬರೆಯದೆ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ನನಗೆ ಬರಲಿಲ್ಲವೆಂದಲ್ಲ, ಬಂದು ಚೆನ್ನಾಗಿಯೇ ಕಾಲು ಚಾಚಿತ್ತು. ನೀನು ವರ್ಷಕ್ಕೆರಡು ಸಲ ಬರುತ್ತೇನೆಂದು ಬರೆದ ಸಾಲನ್ನು ನಿನ್ನ ಅತ್ತೆ ಸೌಜನ್ಯಳಿಂದ ಮತ್ತೆ ಮತ್ತೆ ಓದಿಸಿಕೊಂಡಿದ್ದಳು. ಆದರೆ ನಾಳೆ ಯಾರೋ ನಿನ್ನ ಲೆಕ್ಕವನ್ನು ನಂಬಿ, ಊರೆಲ್ಲ ಬೇವು ನೆಟ್ಟು, ಕಲ್ಲಿನ ಪುಡಿ ಸುರಿದು, ಗಾಳಿ ತಿಳಿಯಾಗಲೆಂದು ಕಾಯುತ್ತ ಕೂತರೆ? ಅವರ ಮರಗಳ ಬುಡದಲ್ಲಿ ಜಂಬಮ್ಮ ಇರುವುದಿಲ್ಲವಲ್ಲ.

ಸಭೆಗೆ ಇನ್ನೂ ದಿನಗಳಿವೆ. ಮುಂದಿನದು ನಿನಗೆ ಬಿಟ್ಟದ್ದು.

ಇತಿ,
ಕೊಟ್ರಬಸಪ್ಪ


ಕಂಪ್ಲಿ
20 ಆಗಸ್ಟ್ 2024

ದೇವಿಕಾ,

ನಿನ್ನಿಂದ ಕಾಗದವಿಲ್ಲ. ಇಲ್ಲಿ ಅಣೆಕಟ್ಟಿನ ಗೇಟೊಂದು ಕೊಚ್ಚಿಹೋಗಿ ಹೊಳೆ ಕೆಂಪಗೆ ಉಕ್ಕಿ ಹರಿಯಿತು. ಅಷ್ಟೊಂದು ನೀರಿನಲ್ಲಿ ಎಷ್ಟು ಕರಗಿದ ಕಲ್ಲು ಹೋಯಿತೆಂದು ನಿನ್ನನ್ನು ಕೇಳಬೇಕೆನಿಸಿತು. ಬೇರೆ ಯಾರನ್ನು ಕೇಳಲಿ? ಹನುಮೇಶನನ್ನು ಕೇಳಿದರೆ ನನ್ನನ್ನು ನೇರ ಆಸ್ಪತ್ರೆಗೆ ಸೇರಿಸುತ್ತಾನೆ.

ಪೋಸ್ಟಿನವಳು ನನ್ನನ್ನು ದೂರದಿಂದ ಕಂಡ ಕೂಡಲೇ ಇಲ್ಲವೆಂದು ತಲೆಯಾಡಿಸುತ್ತಾಳೆ. ಬಾಗಿಲ ತನಕ ಹೋಗುವ ಶ್ರಮವೂ ಉಳಿಯಿತು.

ನಿನ್ನ ಅತ್ತೆ ಬೇವಿನ ಬುಡದ ಚೀಲವನ್ನು ಮುಟ್ಟಿಲ್ಲ. ಸೋಮವಾರ ಹೋಗುತ್ತಾಳೆ, ಕೂತು ಬರುತ್ತಾಳೆ.

ಕೊಟ್ರಬಸಪ್ಪ


ಡೆಹ್ರಾಡೂನ್
15 ಸೆಪ್ಟೆಂಬರ್ 2024

ಮಾವನವರಿಗೆ ಶರಣು.

ಸಭೆಯಲ್ಲಿ ಬೇವಿನ ಅಂಕಿಯನ್ನು ಬಿಟ್ಟು ಮಾತಾಡಿದೆ. ಉಳಿದೆರಡು ಚೀಲಗಳು ಹೇಳುವುದು ಇಷ್ಟು: ನಮ್ಮ ಹೊಲ ಕಲ್ಲನ್ನು ಕರಗಿಸುತ್ತದೆ, ಆದರೆ ನಿಧಾನವಾಗಿ. ಮನುಷ್ಯರು ಅವಸರದಲ್ಲಿ ಗಾಳಿಗೆ ಬಿಟ್ಟ ಹೊಗೆಯನ್ನು ಕಲ್ಲುಗಳು ಅದೇ ಅವಸರದಲ್ಲಿ ನುಂಗುವುದಿಲ್ಲ. ನಿಜವಾದ ಮಾತು. ಸಭಿಕರು ಆಕಳಿಸಿದರು. ಮಾರ್ಗದರ್ಶಕರು ಮತ್ತೆ ತಮ್ಮ ಕೋಣೆಯಲ್ಲೇ ಇರುತ್ತಾರೆ.

ಅತ್ತೆಯ ಮೇಲೆ ಸಿಟ್ಟು ಬಂದಿತ್ತು. ಬರೆಯಲು ಕೂತಾಗಲೆಲ್ಲ ಬೈಗುಳವೇ ಬಂತು, ಹರಿದು ಹಾಕಿದೆ. ಹಾಗೆ ಹರಿಯುತ್ತಿದ್ದಾಗ ಒಂದು ದಿನ ತಿಳಿಯಿತು, ಸಿಟ್ಟು ಅಂಕಿ ಕೆಟ್ಟದ್ದಕ್ಕಲ್ಲ. ನಾನು ಆ ಬಿಲ್ಲೆಗಳನ್ನು ಒಂದು ಸಲವೂ ಬರಿಗೈಯಿಂದ ಮುಟ್ಟಿಲ್ಲ, ಮಾವ. ಬೆರಳಿನ ಬೆವರು ತಾಗಿದರೆ ತೂಕ ತಪ್ಪುತ್ತದೆಂದು ಗ್ಲೌಸ್ ಹಾಕಿ, ಚಿಮಟದಲ್ಲಿ ಎತ್ತಿ ತಕ್ಕಡಿಗಿಟ್ಟೆ. ಅವನ ಕೈಬರಹವನ್ನು ಅತ್ತೆ ವಾರ ವಾರವೂ ಅಂಗೈಯಲ್ಲಿ ಇಟ್ಟುಕೊಂಡು ತೊಳೆದರು. ನಾನು ತೂಗಿದೆ.

ಬೇವಿನ ಬುಡದಲ್ಲಿ ಉಳಿದ ಬಿಲ್ಲೆಗಳು ಇನ್ನು ಲೆಕ್ಕಕ್ಕೆ ಬಾರವು. ಅತ್ತೆ ಅವನ್ನು ಮನೆಗೆ ತಂದು ಜಗಲಿಯ ಮೇಲೆ ಇಟ್ಟುಕೊಳ್ಳಲಿ. ನನ್ನನ್ನು ಬೇರೆ ನದಿಯ ಬಯಲಿಗೆ ಹೋಗು, ಹೊಸದಾಗಿ ಶುರುಮಾಡು ಎನ್ನುತ್ತಿದ್ದಾರೆ. ಕಂಪ್ಲಿಗೆ ಬರಲು ಇನ್ನೊಂದು ಕಾರಣ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ.

ದೇವಿಕಾ


ಕಂಪ್ಲಿ
3 ಅಕ್ಟೋಬರ್ 2024

ದೇವಿಕಾ, ನಾನು ನಿನ್ನ ಅತ್ತಿ ಜಂಬಮ್ಮ.

ಸೌಜನ್ಯ ಬರೀತಾಳ, ನಾ ಹೇಳ್ತೀನಿ. ಚಂದ ಮಾಡಿ ಬರೀತೀನತ್ತಿ ಅಂದ್ಲು. ಬ್ಯಾಡ, ನಾ ಅಂದಂಗ ಬರಿ ಅಂದೀನಿ.

ನಿನ್ನ ಓದು ನನ್ನಿಂದ ಕೆಡ್ತು. ಅದಕ್ಕ ಏನು ಹೇಳಬೇಕೋ ನನಗ ಬರಂಗಿಲ್ಲ. ಹುಣಸಿಹಣ್ಣಿಗೆ ಅಷ್ಟು ಶಕ್ತಿ ಐತಂತ ಯಾರಿಗೆ ಗೊತ್ತಿತ್ತು? ದಿನಾ ಸಾರಿಗೆ ಹಾಕಿ ಉಂತೀವಿ.

ಜಗಲಿ ಮ್ಯಾಲೆ ಇಟ್ಕ ಅಂತ ಬರದೀಯಂತ. ಬ್ಯಾಡವ್ವ. ಮನ್ಯಾಗಿದ್ರ ದಿನಾ ತೊಳೀತೀನಿ, ನನಗ ನಾನು ಗೊತ್ತು.

ಅವನನ್ನ ಕರ್ಕಂಡು ಹೋದ ದಿನ ನೆನಸ್ಕ. ಹೆಣ್ಮಕ್ಕಳು ಹೊಲಕ್ಕ ಬರೋದು ಬ್ಯಾಡ, ತಾಳಂಗಿಲ್ಲ ಅಂತ ನಮ್ಮಿಬ್ರನ್ನೂ ಆ ಒಳಗಿನ ಕ್ವಾಣ್ಯಾಗ ಕುಂದ್ರಿಸಿದ್ರು. ಗಂಡಸ್ರು ಹೋಗಿ ಮುಗಿಸಿ ಬಂದ್ರು. ನಾ ಹಿಡಿ ಮಣ್ಣು ಹಾಕಲಿಲ್ಲ. ನೀನೂ ಹಾಕಲಿಲ್ಲ. ಹಾಕದ ಮ್ಯಾಲೆ ಮುಗೀತಂತ ನಾವು ಹೆಂಗ ತಿಳಕಬೇಕು? ಅದಕ್ಕ ಅಗದು ಅಗದು ತಗೀತಿದ್ದೆ ಅನ್ಸತೈತಿ. ಮುಚ್ಚಾಕ ಕೊಡಲಿಲ್ಲ, ತಗಿಯಾಕಾದ್ರೂ ಇರ್ಲಿ ಅಂತ.

ಬರಾಕ ಕಾರಣ ಬೇಕಂತಲ್ಲ. ತಗ, ನಾ ಕೊಡ್ತೀನಿ. ನೀ ಬಾ. ಆ ಕಲ್ಲಿನ ಹಳ್ಳು ಅಷ್ಟನ್ನೂ ಇಬ್ರೂ ಕೂಡಿ ಮುಚ್ಚಿ ಬರಾಣು. ಬರೇ ಕೈಲೆ. ಕೈಗೆ ಚೀಲ ಗೀಚೀಲ ಹಾಕ್ಕಬ್ಯಾಡ. ಈ ಸಲ ಗಂಡಸ್ರು ಮನ್ಯಾಗ ಕುಂತಿರ್ಲಿ.

ಬರಾಗ ಸ್ವೆಟರ್ ಹಾಕ್ಕಂಡು ಬಾ, ಅಲ್ಲಿ ಚಳಿ ಭಾಳ ಅಂತಾರ.

ನಿನ್ನ ಅತ್ತಿ,
ಜಂಬಮ್ಮ


ಕಂಪ್ಲಿ
14 ಜನವರಿ 2025

ಚಿರಂಜೀವಿ ದೇವಿಕಾಳಿಗೆ,

ನೀನು ಸುಖವಾಗಿ ತಲುಪಿದೆಯೆಂದು ಸೌಜನ್ಯಳ ಫೋನಿಗೆ ಬಂದ ಸುದ್ದಿಯನ್ನು ನನಗೆ ಚೀಟಿಯಲ್ಲಿ ಬರೆದು ತೋರಿಸಿದರು.

ನಿಮ್ಮ ಸರ್ಕಾರದ ಆದೇಶದಂತೆ, ನೀವಿಬ್ಬರೂ ಹೊಲಕ್ಕೆ ಹೋದ ದಿನ, ನಾನೂ ಮುರುಗೇಶನೂ ಒಳಗಿನ ಕೋಣೆಯಲ್ಲಿ ಕೂತೆವು. ಬಾಗಿಲಿಗೆ ಚಿಲಕವೇನೂ ಹಾಕಿರಲಿಲ್ಲ, ಆದರೂ ಏಳಲು ಧೈರ್ಯ ಬರಲಿಲ್ಲ. ಕೂರಿಸಿದವರಿಗೆ ತಾವು ಕೂರಿಸಿದ ಜಾಗ ಎಂಥದೆಂದು ಗೊತ್ತಿರುವುದಿಲ್ಲ. ನಮಗೆ ಆ ದಿನ ಗೊತ್ತಾಯಿತು. ನೀವಿಬ್ಬರೂ ಮೊಣಕೈತನಕ ಮಣ್ಣಾಗಿ ಬಂದಿರಿ. ಅಲ್ಲಿ ಏನು ನಡೆಯಿತೆಂದು ಕೇಳುವುದು ನನ್ನ ಹಕ್ಕಲ್ಲ. ಇಬ್ಬರೂ ಎರಡೆರಡು ಸಲ ಅನ್ನ ಹಾಕಿಸಿಕೊಂಡದ್ದನ್ನು ನೋಡಿದೆ.

ನೀನೇ ಕೊಯ್ದು ತಂದ ಹೊಸ ಬಿಲ್ಲೆಗಳು ಗದ್ದೆಯಲ್ಲಿವೆ, ಕಾಲುವೆ ದಂಡೆಯಲ್ಲಿವೆ. ಬೇವಿನ ಬುಡದಲ್ಲಿ ಹೊಸದೇನನ್ನೂ ಇಡಲಿಲ್ಲ ಎಂದೆಯಲ್ಲ, ಒಳ್ಳೆಯದು ಮಾಡಿದೆ.

ನಿನ್ನನ್ನು ಹೊಸಪೇಟೆಯಲ್ಲಿ ರೈಲು ಹತ್ತಿಸಿ ಬಂದ ಮೇಲೆ ನಿನ್ನ ಅತ್ತೆ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇದ್ದಕ್ಕಿದ್ದ ಹಾಗೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

“ಏನ್ರಿ, ಆ ಹಳ್ಳು ಪೂರಾ ಕರಗಾಕ ಎಷ್ಟು ದಿನ ಬೇಕು?”

ನಾನು ನಿನ್ನ ಗದ್ದೆಯ ಅಂಕಿಯನ್ನು ತೆಗೆದುಕೊಂಡು, ಕನ್ನಡಕ ಏರಿಸಿ, ಪಂಡಿತನ ಹಾಗೆ ಕೂಡಿ ಕಳೆದೆ. “ಸಾವಿರ ವರ್ಷಕ್ಕ ಕಡಿಮಿ ಇಲ್ಲ” ಎಂದೆ.

“ಅಲ್ಲಿತನಕ ನೀವು ಇರ್ತೀರೇನು?”

“ಇರಂಗಿಲ್ಲ.”

“ನಾನು?”

“ನೀನೂ ಇರಂಗಿಲ್ಲ.”

“ದೇವಿಕಾ?”

“ಆಕಿನೂ ಇರಂಗಿಲ್ಲಲೇ, ಯಾರ್ ಇರ್ತಾರ ಸಾವಿರ ವರ್ಷ?”

ಸುಲಿದ ಕಾಳನ್ನು ಮೊರದಲ್ಲಿ ಒಂದು ಕಡೆ ಸರಿಸಿದಳು. “ಹಂಗಾರ ಯಾರೂ ಕಾಯೋದು ಬ್ಯಾಡ” ಎಂದಳು.

ನಿನ್ನೆ ಸೋಮವಾರ. ಬುಟ್ಟಿ ಗೂಟದಲ್ಲೇ ಇತ್ತು. ಬೆಳಿಗ್ಗೆ ಸೌಜನ್ಯಳನ್ನು ಕರೆದುಕೊಂಡು ಪೇಟೆಗೆ ಹೋಗಿ, ಎಳ್ಳು, ಬೆಲ್ಲ, ಬದನೆಕಾಯಿ ತಂದಳು. ನಾನು ಒಬ್ಬನೇ ಬುಕ್ಕಸಾಗರದ ಬಸ್ಸು ಹತ್ತಿದೆ. ಪಂಪಿನ ಮನೆಯನ್ನು ದಾಟಿ ಆ ಮೂಲೆಯ ತನಕ ನಡೆದು, ಅವನ ಹತ್ತಿರ ಸ್ವಲ್ಪ ಹೊತ್ತು ಕೂತು ಬಂದೆ.

ಸಂಜೆ ಅವಳನ್ನು ಕೇಳಿದೆ. “ಯಾರೂ ಕಾಯೋದು ಬ್ಯಾಡ ಅಂದೆಲ್ಲ, ಅದನ್ನ ದೇವಿಕಾಗೂ ಬರೀಲೇನು?”

“ಆಕಿಗೇ ಮೊದ್ಲು ಬರೀರಿ” ಎಂದಳು.

ಬರೆದಿದ್ದೇನೆ.

ಇತಿ ನಿನ್ನ ಮಾವ,
ಕೊಟ್ರಬಸಪ್ಪ